ಎರಡು ಲೈನ್ ತಿದ್ದಿದ್ರ ಸಾವಿರ ಲೈನ್ ಯಾಕ ಬದಲಾಗ್ಬೇಕ್ರೀ?

ತಲಿ ಕೆಟ್ಟು ಹೋಗ್ಯದ. ಕಲಬುರಗಿ ಮಾರ್ಕೆಟ್‌ನಾಗ ಈಗ ತೊಗರಿ ಸೀಸನ್, ಅಡತಿ ಅಂಗಡಿಯವರು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಾಗ ಮುಂಜಾನಿಂದ ರಾತ್ರಿ ತನಾ ರೈತರ ಪಟ್ಟಿ, ಅಂದ್ರ ಮಾಲು ಮಾರಿದ ಲೆಕ್ಕದ ಚೀಟಿ, ತೆಗಿಲಾಕತ್ತಾರ, ಅದ್ರಾಗ ಒಬ್ಬನೇ ರೈತಂದು ಎರಡು ಲಾಟ್ ಇದ್ರ ಹಮಾಲಿ ಎರಡು ಸಲ ಕಟ್ ಆಗ್ಲಾಕತ್ತದ. ರೈತನ ರೊಕ್ಕರೀ ಅದು, ಅರ್ಜೆಂಟ್ ಸರಿ ಆಗ್ಬೇಕು.

ನಮ್ಮ ಟೀಮಿನ ಹುಡುಗ ಸರಿ ಮಾಡಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣಿ ನೋಡಿ ಮೇನ್ ಕೋಡಿಗೆ ಸೇರಿಸ್ರಿ ಅನ್ನೋ ವಿನಂತಿ) ಹಾಕ್ದ. ಖರೇ ತಿದ್ದಿದ್ದು ಎರಡೇ ಲೈನ್. ತೆಗೆದು ನೋಡಿದ್ರ ಫೈಲ್ ತುಂಬ ಕೆಂಪು ಹಸಿರು (ಹೋದ ಲೈನ್ ಕೆಂಪು, ಬಂದದ್ದು ಹಸಿರು), ಸಾವಿರ ಲೈನ್ ಬದಲಾಗ್ಯಾವ! ಸಿಂಗಲ್ ಕೋಟ್ ಇದ್ದದ್ದೆಲ್ಲ ಡಬಲ್ ಕೋಟ್, ಒಂದೇ ಲೈನ್‌ನಾಗಿದ್ದ ಫಂಕ್ಷನ್ ಕಾಲ್ ಮುರಿದು ಒಂದೊಂದು ಆರ್ಗ್ಯುಮೆಂಟ್ ಒಂದೊಂದು ಲೈನ್‌ಗೆ ಬಂದು ಕುಂತಾವ. ವೈಟ್‌ಸ್ಪೇಸ್, ಅಂದ್ರ ಖಾಲಿ ಜಾಗದ ಬದಲಾವಣಿ, ಹೈಡ್ ಮಾಡಿ ನೋಡು ಅಂತಾರ, ಮಾಡಿ ನೋಡೀನ್ರಿ, ಕೋಟ್ ಬದಲಾದದ್ದು ಲೈನ್ ಮುರಿದದ್ದು ಅದ್ರಾಗ ಹೈಡ್ ಆಗಲ್ಲ. ಹಮಾಲಿ ಲೆಕ್ಕದ ಆ ಎರಡು ಲೈನ್ ಹುಡುಕ್ಲಾಕ ನನ್ನ ಮಧ್ಯಾಹ್ನ ಪೂರಾ ಹೋಯ್ತು, ಮ್ಯಾಲೆ ನನ್ನ ಬ್ರಾಂಚಿಗೆ (ನಾ ಕೆಲಸ ಮಾಡೋ ಕೋಡಿನ ಪ್ರತಿ) ಮರ್ಜ್ ಕಾನ್‌ಫ್ಲಿಕ್ಟ್ ಬ್ಯಾರೆ, ಒಂದೇ ಲೈನ್ ಇಬ್ಬರೂ ತಿದ್ದಿದ್ದಕ್ಕ ಸೇರಿಸ್ಲಾಕ ಬರವಲ್ದು.

ಹುಡುಗಗ ಏನಂತ ಬೈಲಿ? ಅವನ ಎಡಿಟರ್‌ನಾಗ ಸೇವ್ ಹೊಡದ್ರ ಬ್ಲ್ಯಾಕ್ ಓಡ್ತದ, ಅದು ಪೈಥಾನ್ ಕೋಡ್ ತಾನೇ ಒಪ್ಪ ಮಾಡಿ ಜೋಡಿಸೋ ಫಾರ್ಮ್ಯಾಟರ್, 88 ಅಕ್ಷರಕ್ಕ ಲೈನ್ ಮುರಿತದ. ಬೆಂಗಳೂರಾಗ ಕುಂತಾವ ಬ್ಯಾರೆ ಫಾರ್ಮ್ಯಾಟರ್ ಹಾಕ್ಕೊಂಡು 120 ಇಟ್ಟಾನ. ಹೈದರಾಬಾದ್‌ನಾಕಿ ಪೆಪ್ 8 (ಪೈಥಾನ್ ಸ್ಟೈಲ್ ನಿಯಮ) ಹೇಳಿದಂಗ 79 ಬಿಟ್ಟು ಒಂದಕ್ಷರ ಆಚಿ ಹೋಗಲ್ಲ. ನಮ್ಮ ಸೀನಿಯರ್ ಯಾವ್ದೂ ಹಾಕ್ಕೊಳ್ಳಲ್ಲ, ಈಕ್ವಲ್ ಚಿಹ್ನಿ ಒಂದರ ಕೆಳಗ ಒಂದು ಬರ್ಬೇಕಂತ ಕೈಲೇ ಸ್ಪೇಸ್ ಹೊಡಿತಾರ. ಊರಿಗೊಂದು ದಾರಿ ಆದ್ರ ಎಡವಟ್ಟಗೊಂದು ದಾರಿ ಅಂತಾರಲ್ಲ, ನಮ್ಮಲ್ಲಿ ಊರಿಗಂತ ಇರೋ ದಾರಿನೇ ಇಲ್ಲ, ಮಂದಿ ಎಷ್ಟೋ ದಾರಿ ಅಷ್ಟು.

ಒಂದು ಫಾರ್ಮ್ಯಾಟರ್ ಇಡೋಣ, ಎಲ್ಲರಿಗೂ ಅದೇ, ಅಂತ ಹೇಳಿ ಹೇಳಿ ಬಾಯಿ ನೋಯ್ತು. ಕೋಡ್ ಹಿಸ್ಟರಿ ಇಡೋ ಗಿಟ್‌ನಾಗ ಯಾವ ಲೈನ್ ಯಾರು ಬರೆದ್ರಂತ ತೋರಿಸೋ ಬ್ಲೇಮ್ ಹಾಳಾಗ್ತದ ಅಂತಾರ, ಎಲ್ಲಾ ಲೈನಿಗೂ ಫಾರ್ಮ್ಯಾಟ್ ಮಾಡ್ದಾವನ ಹೆಸರೇ ಬರ್ತದಂತ. ಅರೇ, 2019ರಾಗ ಗಿಟ್ 2.23 ಬಂದಾಗಿಂದ ಅದಕ್ಕ ದಾರಿ ಅದ, ಆ ಫಾರ್ಮ್ಯಾಟಿಂಗ್ ಕಮಿಟ್ (ಒಂದು ಸಲ ಉಳಿಸಿದ ಬದಲಾವಣಿ) ನಂಬರ್ ಒಂದು ಫೈಲ್‌ನಾಗ ಬರೆದಿಟ್ಟು ಗಿಟ್‌ಗೆ ಆ ಫೈಲ್ ಹೇಳಿದ್ರ ಬ್ಲೇಮ್ ಅದನ್ನ ದಾಟಿ ಹಿಂದಿನ ಹೆಸರು ತೋರಸ್ತದ. ವೆಬ್‌ಸೈಟ್ ಕಟ್ಟಲಾಕ ಬಳಸೋ ಜ್ಯಾಂಗೊ ಅಂಥಾ ದೊಡ್ಡ ಪೈಥಾನ್ ಪ್ರಾಜೆಕ್ಟ್ 2022ರ ಫೆಬ್ರವರಿಯಾಗ ಪೂರಾ ಕೋಡ್ ಬ್ಲ್ಯಾಕ್‌ಗೆ ಹಾಕಿ ಹಿಂಗೇ ಮಾಡ್ಯಾರ, ಅವರಿಗಿಂತ ನಮ್ಮ ಕೋಡ್ ಹಿಸ್ಟರಿ ದೊಡ್ಡದದ ಏನ್ರೀ? ಕೋಡ್ ಕೆಟ್ರ ಹ್ಯಾಂಗ ಅಂತಾರ ಇನ್ನೊಬ್ರು. ಬ್ಲ್ಯಾಕ್ ತಾನು ಬರೆದದ್ದು ಮತ್ತ ಮೊದಲಿದ್ದದ್ದು ಎರಡರದೂ ಸಿಂಟ್ಯಾಕ್ಸ್ ಟ್ರೀ (ಕೋಡಿನ ರಚನೆಯ ನಕ್ಷಿ) ತೆಗೆದು ತಾಳೆ ನೋಡಿ, ಅರ್ಥ ಬದಲಾಗಿದ್ರ ಫೈಲ್ ಮುಟ್ಟಲ್ಲ. ನಂಗ ಆ ಸ್ಟೈಲ್ ಸೇರಲ್ಲ ಅಂತಾರ ಮತ್ತೊಬ್ರು. ನಂಗೂ ಡಬಲ್ ಕೋಟ್ ಸೇರಲ್ಲ, ಆದ್ರ ನನಗ ಸೇರೋದು ನಿನಗ ಸೇರೋದು ಅಂತ ಕುಂತ್ರ ಯಾವಾಗ ಮುಗಿತದ ಇದು? ಗೋ ಅನ್ನೋ ಪ್ರೋಗ್ರಾಮಿಂಗ್ ಭಾಷಿ ಜೊತಿಗೇ ಗೋಫಮ್ಟ್ ಅನ್ನೋ ಫಾರ್ಮ್ಯಾಟರ್ ಬರ್ತದ, ಅಲ್ಲಿ ಕೆಲಸ ಮಾಡೋರು ಟ್ಯಾಬೋ ಸ್ಪೇಸೋ ಅಂತ ಜಗಳಾ ಮಾಡೋದ್ ನಾ ಕಂಡಿಲ್ಲ.

ಸಿಟ್ಟು ಬರೋದು ಎಲ್ಲಿ ಅಂದ್ರ ರಿವ್ಯೂನಾಗ. ಹೊಸಬರು ಕಷ್ಟಪಟ್ಟು ಬರೆದ ಕೋಡಿಗೆ ಬರೋ ಕಾಮೆಂಟ್ ಏನು, ಇಲ್ಲಿ ಕಾಮಾ ಇಲ್ಲ, ಅಲ್ಲಿ ಒಂದು ಖಾಲಿ ಲೈನ್ ಹೆಚ್ಚಾಗ್ಯದ, ಇಷ್ಟೇ. ಲೆಕ್ಕ ತಪ್ಪಿದ್ದು ಒಬ್ಬರ ಕಣ್ಣಿಗೂ ಬೀಳಲ್ಲ. ಮಷೀನ್ ಸೆಕೆಂಡ್‌ನಾಗ ಮಾಡೋ ಕೆಲಸಕ್ಕ ಮಂದಿ ಕಣ್ಣು ಸವಿಸ್ತಾರ!

ಮಾಡ್ಬೇಕಾದದ್ದು ದೊಡ್ಡದೇನಿಲ್ಲ. ಓಪನ್ ಇದ್ದ ಪುಲ್ ರಿಕ್ವೆಸ್ಟ್ ಮೊದಲು ಮರ್ಜ್ ಮಾಡ್ರಿ, ಆಮ್ಯಾಲೆ ಪೂರಾ ಕೋಡ್ ಒಂದೇ ಕಮಿಟ್‌ನಾಗ ಫಾರ್ಮ್ಯಾಟ್, ಅದ್ರಾಗ ಬ್ಯಾರೆ ಏನೂ ಸೇರಿಸಬ್ಯಾಡ್ರಿ. ವರ್ಷನ್ ಲಾಕ್ ಮಾಡ್ರಿ, ಯಾಕಂದ್ರ ಬ್ಲ್ಯಾಕ್ ಹೊಸ ವರ್ಷದ ರಿಲೀಸ್‌ನಾಗ ಸ್ಟೈಲ್ ಸ್ವಲ್ಪ ಬದಲಿಸ್ತದ, ಒಬ್ಬರ ಕಡಿ ಹಳೇದು ಒಬ್ಬರ ಕಡಿ ಹೊಸದು ಇದ್ರ ಮತ್ತ ಇದೇ ರಾಮಾಯಣ. ಕಮಿಟ್‌ಗಿಂತ ಮೊದಲು ತಾನೇ ಓಡೋ ಪ್ರಿ-ಕಮಿಟ್ ಹುಕ್ ಹಾಕ್ರಿ, ಕೋಡ್ ಬಂದಾಗೆಲ್ಲ ತಾನೇ ಪರೀಕ್ಷಿ ಮಾಡೋ ಸಿಐನಾಗೂ ಚೆಕ್ ಇಡ್ರಿ, ಸೀನಿಯರ್ ಇರ್ಲಿ ಯಾರೇ ಇರ್ಲಿ ಫಾರ್ಮ್ಯಾಟ್ ಆಗದ ಕೋಡ್ ಒಳಗ ಬರಬಾರ್ದು. ಐತಾರ ಕುಂತು ಇದೆಲ್ಲ ಮಾಡ್ಲಾಕ ನಾ ತಯಾರ್ ಅದೀನಿ, ರಜಾನೂ ಕೇಳಲ್ಲ, ರೊಕ್ಕಾನೂ ಕೇಳಲ್ಲ, ಮೀಟಿಂಗ್‌ನಾಗ ಒಬ್ರರೇ ಹೂಂ ಅನ್ರಿ.