ಫೋನು ಮತ್ತು ಸಾಬೂನು

ನನ್ನ ಹಳೆಯ ಫೋನು ಕೊನೆಗಾಲದಲ್ಲಿ ಇತಿಹಾಸದ ಕಡೆಗೆ ಹಿಮ್ಮುಖವಾಗಿ ನಡೆಯತೊಡಗಿತ್ತು. 1973ರ ಏಪ್ರಿಲ್ 3ರಂದು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಮಾಡಿದರಲ್ಲ, ಆ ಯಂತ್ರಕ್ಕೆ ಸುಮಾರು ಹತ್ತು ಗಂಟೆ ಚಾರ್ಜ್ ಉಣಿಸಿದರೆ ಅರ್ಧ ಗಂಟೆಯ ಮಾತಿಗೆ ಬರುತ್ತಿತ್ತಂತೆ. ನನ್ನದೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತ್ತು. ಅವರದು ಒಂದು ಕಿಲೋ ಮೀರಿದ ಭಾರ. ನನ್ನದು ಹಗುರ, ಆದರೆ ಗೋಡೆಗೆ ಕಟ್ಟಿಹಾಕಿದ ಕರುವಿನಂತೆ ವೈರಿನಿಂದಾಚೆಗೆ ಹೋಗುತ್ತಿರಲಿಲ್ಲ.

“ಬ್ಯಾಟರಿ ಬದಲಿಸಿದರೆ ಸಾಲದೇ?” ಎಂದಳು ಹೆಂಡತಿ.

ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಬರಿದಾದ ಮೇಲೆ ಸೊರಗುತ್ತದೆ, ಹಾಗೆಂದು ಫೋನಿನ ಉಳಿದ ಅಂಗಾಂಗಗಳಿಗೆ ಏನೂ ಆಗಿರುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಹೊಸ ಫೋನಿನ ಆಸೆ ಹುಟ್ಟಿದವನಿಗೆ ಹಳೆಯದರ ಕಾಯಿಲೆ ವಾಸಿಯಾಗುತ್ತದೆ ಎಂಬ ಸುದ್ದಿ ಅಷ್ಟಾಗಿ ಹಿಡಿಸುವುದಿಲ್ಲ.

ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುರ್ಚಿ ಸವೆಸಿದವನು ನಾನು. ಫೋನಿನ ಪೆಟ್ಟಿಗೆಯ ಮೇಲಿರುವುದೆಲ್ಲ ಅಂಕಿಗಳೇ, ಅಂಕಿಗಳು ನನ್ನ ಮನೆಯ ಮಕ್ಕಳು, ನನಗೆ ಯಾರು ಮೋಸ ಮಾಡಿಯಾರು ಎಂದುಕೊಂಡು ಹೊಸ ಖಾತೆ ಪುಸ್ತಕವೊಂದನ್ನು ತೆರೆದು, ಮೊದಲ ಪುಟದಲ್ಲಿ “ಫೋನ್ ಖರೀದಿ” ಎಂದು ಬರೆದು, ಅಡಿಗೆರೆ ಎಳೆದು ಹೊರಟೆ.

ಅಂಗಡಿಯ ಹುಡುಗ ಉಸಿರು ಬಿಡದೆ ಒಪ್ಪಿಸಿದ: “8 ಪ್ಲಸ್ 8, ಒಟ್ಟು 16 ಜಿಬಿ ರ‍್ಯಾಮ್ ಸರ್.”

ರ‍್ಯಾಮ್ ಎಂದರೆ ಫೋನು ಕೆಲಸದ ಹೊತ್ತಿನಲ್ಲಿ ಬಳಸುವ ನೆನಪಿನ ಜಾಗವಂತೆ. ಆದರೆ ಕೂಡುವ ಚಿಹ್ನೆ ಕಂಡಲ್ಲಿ ನಿಲ್ಲುವುದು ನನ್ನ ವೃತ್ತಿಧರ್ಮ. ಎರಡನೆಯ ಎಂಟು ಎಲ್ಲಿಂದ ಬಂತು ಎಂದು ವಿಚಾರಿಸಿದೆ. ಸ್ವಲ್ಪ ಹಿಂಜರಿದು, ಅದು ಫೋಟೊ, ವಿಡಿಯೊ ಇಟ್ಟುಕೊಳ್ಳುವ ಸ್ಟೋರೇಜಿನಿಂದ ತೆಗೆದುಕೊಂಡದ್ದು, ನಿಜವಾದ ರ‍್ಯಾಮಿನಷ್ಟು ಚುರುಕಿಲ್ಲ ಎಂದ. ಎಡಜೇಬಿನಿಂದ ಬಲಜೇಬಿಗೆ ಸಾಲ ಕೊಟ್ಟು, ಅದನ್ನೇ ಆದಾಯವೆಂದು ಬರೆದುಕೊಂಡ ಗುಮಾಸ್ತನೊಬ್ಬನನ್ನು ನಾನು ಹಿಂದೆ ಹಿಡಿದು ಹಾಕಿದ್ದೆ. ಅವನ ನೆನಪಾಯಿತು. ಈಗ ಫೋನ್ ತಯಾರಿಕೆಯಲ್ಲಿ ದೊಡ್ಡ ಹುದ್ದೆಯಲ್ಲಿರಬೇಕು.

ಕ್ಯಾಮೆರಾದ ಸರದಿ ಬಂತು. 108 ಮೆಗಾಪಿಕ್ಸೆಲ್. ಚಿತ್ರ ತೆಗೆದು ನೋಡಿದರೆ ಅದು 12 ಮೆಗಾಪಿಕ್ಸೆಲ್ಲಿನದು. ಪಕ್ಕಪಕ್ಕದ ಒಂಬತ್ತು ಚುಕ್ಕೆಗಳನ್ನು ಬೆಸೆದು ಒಂದೇ ಚುಕ್ಕೆ ಮಾಡುತ್ತಾರೆ, ಮಬ್ಬು ಬೆಳಕಿನಲ್ಲಿ ಅದರಿಂದ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ವಿವರಣೆ ದೊರೆಯಿತು. 108ನ್ನು 9ರಿಂದ ಭಾಗಿಸಿದರೆ 12, ಶೇಷ ಸೊನ್ನೆ. ಭಾಗಾಕಾರ ಇಷ್ಟು ಸ್ವಚ್ಛವಾಗಿರುವಾಗ ಜಗಳವಾಡಲು ಮನಸ್ಸು ಬರಲಿಲ್ಲ. ಹಿಂಬದಿಯಲ್ಲಿ ನಾಲ್ಕು ಕಣ್ಣುಗಳಿದ್ದವು. ಎರಡು ನೋಡುವುದಕ್ಕೆ, ಇನ್ನೆರಡು ಎಣಿಸುವವರಿಗೆ.

ಆಮೇಲೆ ಹುಡುಗ ಹೆಮ್ಮೆಯಿಂದ “ಐಪಿ 68 ಸರ್” ಎಂದ. ನೂರಕ್ಕೆ 68 ಅಂಕ, ಪರವಾಗಿಲ್ಲ, ಪಾಸಾಗಿದೆ ಎಂದು ತಲೆಯಾಡಿಸಿದೆ. ಅದು ಅಂಕವಲ್ಲವಂತೆ. 6 ಎಂದರೆ ಧೂಳು ಒಳಗೆ ಹೋಗದು, 8 ಎಂದರೆ ನೀರಿನಲ್ಲಿ ಮುಳುಗಿದರೂ ತಾಳಿಕೊಳ್ಳುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರು ಹೇಳಿರುತ್ತಾರೆ ಎಂದು ಅವನು ಸಣ್ಣ ಅಕ್ಷರದ ಕಾಗದವೊಂದನ್ನು ತೋರಿಸಿದ. ಕನ್ನಡಕ ಮನೆಯಲ್ಲಿತ್ತು. ನನಗೆ ಕೇಳಿಸಿದ್ದು “ನೀರು” ಮತ್ತು “ತಾಳಿಕೊಳ್ಳುತ್ತದೆ” ಮಾತ್ರ.

ಹಣದ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. “ಬಡ್ಡಿಯಿಲ್ಲದ ಕಂತು” ಎಂದರು. ಒಟ್ಟಿಗೆ ಕೊಟ್ಟರೆ ರಿಯಾಯಿತಿಯುಂಟು, ಕಂತಿನಲ್ಲಾದರೆ ಅದಿಲ್ಲ, ಜತೆಗೆ ಸಂಸ್ಕರಣಾ ಶುಲ್ಕವೆಂಬ ಒಂದು ಪುಟ್ಟ ಸಾಲು. ಬಡ್ಡಿ ವೇಷ ಬದಲಿಸಿ ಹಿತ್ತಲ ಬಾಗಿಲಿನಿಂದ ಬರುವುದನ್ನು ಮೂವತ್ತು ವರ್ಷ ಕಂಡವನು ನಾನು. ಪೂರ್ತಿ ಹಣ ಎಣಿಸಿ ಗೆಲುವಿನ ನಗೆ ಬೀರಿದೆ. ಅದೇ ಹುಮ್ಮಸ್ಸಿನಲ್ಲಿ ಹಳೆಯ ಫೋನನ್ನು ವಿನಿಮಯಕ್ಕೆ ಮುಂದೆ ಮಾಡಿದೆ. ಅವರು ಹೇಳಿದ ಮೊತ್ತ ಕೇಳಿ, ಅದರ ಪರವಾಗಿ ನಾನೇ ಅವಮಾನಪಟ್ಟುಕೊಂಡು ಜೇಬಿಗೆ ವಾಪಸು ಹಾಕಿದೆ.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಫೋನಿದೆ, ವೈರಿದೆ, ಚಾರ್ಜರಿಲ್ಲ. 2020ರಲ್ಲಿ ಆಪಲ್ ಕಂಪನಿ ಪರಿಸರದ ಕಾರಣ ಹೇಳಿ ಐಫೋನಿನ ಪೆಟ್ಟಿಗೆಯಿಂದ ಚಾರ್ಜರನ್ನು ಹೊರಗಿಟ್ಟ ಮೇಲೆ ಉಳಿದ ಹಲವರಿಗೂ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಹಳೆಯ ಚಾರ್ಜರು ಚುಚ್ಚಿದರೆ ಹೊಸ ಫೋನು ಗಂಟೆಗಟ್ಟಲೆ ಚಪ್ಪರಿಸುತ್ತ ಕೂತಿತು. ಹೊಸ ಚಾರ್ಜರು ಬಂತು. ಜಾರುವ ಮೈಯನ್ನು ಹಿಡಿಯಲು ಕವಚ ಬಂತು. ಗಾಜಿನ ಮೇಲೆ ಹೊದಿಸಲು ಇನ್ನೊಂದು ಗಾಜು. ಗಟ್ಟಿ ಗಾಜೆಂದು ಹೆಚ್ಚು ಹಣ ಕೊಟ್ಟು, ಅದನ್ನು ಉಳಿಸಲು ಮತ್ತೊಂದು ಗಾಜು ಕೊಂಡದ್ದೇಕೆ ಎಂದು ಖಾತೆಯಲ್ಲಿ ಷರಾ ಬರೆಯಲು ಹೋಗಿ ಪೆನ್ನು ಕೆಳಗಿಟ್ಟೆ.

ನಿದ್ದೆಗೆಡಿಸಿದ್ದು 128. ಅಷ್ಟು ಜಿಬಿ ಎಂದು ಕೊಂಡದ್ದನ್ನು ಕಂಪ್ಯೂಟರಿನ ಲೆಕ್ಕದಲ್ಲಿ ನೋಡಿದರೆ 119. ಒಂಬತ್ತು ಜಿಬಿ ಕಾಣೆ! ರಾತ್ರಿ ಹನ್ನೊಂದಕ್ಕೆ ಮಗಳನ್ನು ಎಬ್ಬಿಸಿದೆ.

“ಅಪ್ಪಾ, ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಅಳೆಯುತ್ತದೆ. ವಸ್ತು ಅಷ್ಟೇ, ಅಳತೆ ಬೇರೆ. ಅದರಲ್ಲೂ ಒಂದಿಷ್ಟನ್ನು ಫೋನಿನ ಸ್ವಂತ ತಂತ್ರಾಂಶವೇ ಹಿಡಿದಿರುತ್ತದೆ. ಮಲಗಿ.”

128ರ ಮುಂದೆ ಒಂಬತ್ತು ಸೊನ್ನೆ ಬರೆದು, ಕೂತು ಭಾಗಿಸಿದೆ. ಮೂರು ಸಲ 1024ರಿಂದ. 119.2. ಸರಿಯಾಗಿತ್ತು. ಕೊಳ್ಳುವಾಗೊಂದು ತಕ್ಕಡಿ, ಮಾರುವಾಗೊಂದು ತಕ್ಕಡಿ ಇಟ್ಟವರ ಕಥೆ ಕೇಳಿದ್ದೆ. ಇಲ್ಲಿ ಎರಡೂ ತಕ್ಕಡಿ ನಿಜವನ್ನೇ ಹೇಳುತ್ತಿದ್ದವು. ಲೆಕ್ಕದವನಿಗೆ ಇದಕ್ಕಿಂತ ದೊಡ್ಡ ನೋವಿಲ್ಲ.

ಇಷ್ಟು ಅಂಕಿಗಳ ಮುಂದೆ ಮುಖಭಂಗವಾದ ಮೇಲೆ ಕೈಹಿಡಿಯಬಹುದಾದದ್ದು 68 ಒಂದೇ. ಮುಂದಿನ ಭಾನುವಾರ ಭಾವಮೈದುನ ಬಂದ. ತನ್ನ ಫೋನಿನ ಗುಣಗಾನ ಶುರುಮಾಡಿದ. ನಾನು ಮಾತಾಡಲಿಲ್ಲ. ಎದ್ದು ನಲ್ಲಿಯ ಬಳಿ ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಫೋನನ್ನು ನೀರಿಗೊಡ್ಡಿದೆ. ಹೆಂಡತಿ ಕೂಗಿದಳು. ಭಾವಮೈದುನನ ಬಾಯಿ ತೆರೆಯಿತು. ಆ ತೆರೆದ ಬಾಯಿಯೇ ನನ್ನನ್ನು ಕೆಡಿಸಿದ್ದು. ಬರೀ ನೀರು ಸಾಲದೆನಿಸಿ ಸಾಬೂನು ಹಚ್ಚಿದೆ. ಎರಡೂ ಮಗ್ಗುಲಿಗೆ, ನೊರೆ ಬರುವ ಹಾಗೆ.

ಆ 68ರ ಪರೀಕ್ಷೆಯನ್ನು ಶುದ್ಧ ನೀರಿನಲ್ಲಿ ಮಾಡುತ್ತಾರೆ, ಸಾಬೂನು ಪಠ್ಯಕ್ರಮದಲ್ಲಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಿಂದಿನ ದಿನ ಸಿಮ್ ಬದಲಿಸಿದ ನಾನು ಅದರ ತಟ್ಟೆಯನ್ನು ಪೂರ್ತಿ ಒಳಗೆ ತಳ್ಳಿರಲಿಲ್ಲ. ಮುಂಬಾಗಿಲು ತೆರೆದಿಟ್ಟು ಕೋಟೆಯ ಗೋಡೆಯನ್ನು ಹೊಗಳಿದಂತಾಯಿತು. ಪರದೆ ಒಮ್ಮೆ ಹಸಿರಾಯಿತು, ಒಮ್ಮೆ ಮಿಂಚಿತು, ಆಮೇಲೆ ಭಾವಮೈದುನ ಸಮಾಧಾನದ ಮಾತು ಆರಂಭಿಸಿದ. ಅದೇ ಹೆಚ್ಚು ಉರಿಯಿತು.

ರಿಪೇರಿಯವರು ಒಳಗಿನ ಪುಟ್ಟ ಪಟ್ಟಿಯೊಂದನ್ನು ತೋರಿಸಿದರು. ಬೆಳ್ಳಗಿರುವ ಅದು ನೀರು ತಾಗಿದರೆ ಕೆಂಪಾಗುತ್ತದಂತೆ. ಕೆಂಪಾಗಿತ್ತು. ವಾರಂಟಿ ಇದಕ್ಕೆ ಅನ್ವಯಿಸುವುದಿಲ್ಲ ಎಂದು ಅವರು ಬಿಡಿಸಿ ಹೇಳಲು ಹೊರಟರು, ಬೇಕಾಗಿರಲಿಲ್ಲ. ಕೆಂಪು ಬಣ್ಣದ ಅರ್ಥವನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಮನೆಗೆ ಬಂದು, ಹಳೆಯ ಫೋನಾದರೂ ಇದೆಯಲ್ಲ ಎಂದು ಮೇಜಿನ ಖಾನೆ ಎಳೆದೆ. ಖಾಲಿ. ಪಕ್ಕದ ಕೋಣೆಯಲ್ಲಿ ಹೆಂಡತಿ ಅದರಲ್ಲೇ ತನ್ನ ತಂಗಿಯೊಡನೆ ಮಾತಿಗೆ ಕೂತಿದ್ದಳು. ಹದಿನೈದು ದಿನದ ಹಿಂದೆಯೇ ಹೊಸ ಬ್ಯಾಟರಿ ಹಾಕಿಸಿದ್ದಳಂತೆ. ವೈರು ಎಲ್ಲೂ ಕಾಣಲಿಲ್ಲ. ಮಾತು ಮುಗಿಯಲೆಂದು ಕಾದೆ, ಒಂದೂವರೆ ಗಂಟೆ. ಬ್ಯಾಟರಿ ಚೆನ್ನಾಗಿಯೇ ಇತ್ತು.

ಆ ಹೊತ್ತಿನಲ್ಲಿ ಖಾತೆ ಪುಸ್ತಕ ತೆರೆದು ರಿಪೇರಿಯ ಮೊತ್ತ ಬರೆಯಲು ಕುಳಿತೆ. ಫೋನು, ಚಾರ್ಜರು, ಕವಚ, ಗಾಜು ಎಲ್ಲ ನನ್ನ ಅಕ್ಷರದಲ್ಲಿದ್ದವು. ಅವುಗಳ ಕೆಳಗೆ ಹೆಂಡತಿಯ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: “ಸಾಬೂನು, ಒಂದು. ಮನೆಖರ್ಚಿಗೆ ಸೇರಿಸಬಾರದು.”