ಅಮ್ಮನ ಬುರುಡೆ ಬಲ್ಬು

ಕಳೆದ ಜನವರಿಯಲ್ಲಿ ಹಾಸನದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಬೆಳಗ್ಗೆ ಎದ್ದವನೇ ಗೀಸರ್ ಹಾಕಿದೆ. ಅಡುಗೆಮನೆಯ ಬಲ್ಬು ಮಂಕಾಯಿತು, ಮಿಕ್ಸಿಯ ಸದ್ದು ಇಳಿಯಿತು. "ಯಾರೋ ಗೀಸರ್ ಹಾಕಿದ್ದು? ಚಟ್ನಿ ಆಗೋತನಕ ತಡ್ಕೊಳೋ" ಅಂತ ಅಮ್ಮ ಕೂಗಿದರು.

ಹನ್ನೊಂದು ವರ್ಷ ಟೆಕ್ಸಾಸ್‌ನಲ್ಲಿದ್ದು ಈ ಸರದಿ ಮರೆತೇ ಹೋಗಿತ್ತು. ಮೊದಲು ಮಿಕ್ಸಿ, ಆಮೇಲೆ ಗೀಸರ್, ಸ್ನಾನಗಳೆಲ್ಲ ಮುಗಿದ ಮೇಲೆ ಬೋರ್‌ವೆಲ್ ಪಂಪ್.

ಅಮೆರಿಕದಲ್ಲಿ ದೀಪ ಮಿಣುಕುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬೇಸಿಗೆಯಲ್ಲಿ ಎಸಿ ಕಂಪ್ರೆಸರ್ ಶುರುವಾದಾಗ ನಮ್ಮ ಹಾಲ್‌ನ ದೀಪವೂ ಒಮ್ಮೆ ಕುಗ್ಗುತ್ತದೆ. ಮೋಟಾರ್ ಯಾವ ದೇಶದ್ದಾದರೇನು, ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಒಂದಿಷ್ಟು ವೋಲ್ಟೇಜ್ ತಂತಿಯಲ್ಲೇ ಖರ್ಚಾಗಿ, ಮಿಕ್ಕಿದ್ದು ಬಲ್ಬಿಗೆ ಸಿಗುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬುರುಡೆ ಬಲ್ಬಿನ ಬೆಳಕು ಹೆಚ್ಚುಕಮ್ಮಿ ಮೂವತ್ತು ಇಳಿಯುತ್ತದೆ. ಒಳ್ಳೆ ಎಲ್‌ಇಡಿ ಇದನ್ನು ತೋರಿಸುವುದೇ ಇಲ್ಲ. ಅಮ್ಮ ಅಡುಗೆಮನೆಯಲ್ಲಿ ಹಳೇ ಬಲ್ಬು ಬಿಡದೆ ಇಟ್ಟುಕೊಂಡಿದ್ದು ಜಿಪುಣತನಕ್ಕೆ ಅಂದುಕೊಂಡಿದ್ದೆ. ಅವರಿಗೆ ಅದೇ ಮೀಟರ್. ಪಂಪ್ ಹಾಕಿದ ಮೇಲೂ ಬಲ್ಬು ಚೇತರಿಸಿಕೊಳ್ಳದಿದ್ದರೆ, "ಕೆಪಾಸಿಟರ್ ಹೋಗಿದೆ ಕಣೋ, ಆಫ್ ಮಾಡು" ಅನ್ನುತ್ತಾರೆ. ಕೆಪಾಸಿಟರ್ ಅಂದರೆ ಮೋಟಾರ್ ತಿರುಗಲು ಶುರುವಾಗುವುದಕ್ಕೆ ಬೇಕಾದ ಭಾಗ; ಅದು ಹೋದರೆ ಮೋಟಾರ್ ತಿರುಗದೆ ಕರೆಂಟ್ ಎಳೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದೇ ನಿಜವಾಗಿರುತ್ತದೆ!

ವ್ಯತ್ಯಾಸ ಇರುವುದು ಮಿಣುಕಿದ ಮೇಲೆ ಏನು ಮಾಡುತ್ತೇವೆ ಅನ್ನುವುದರಲ್ಲಿ. ಒಮ್ಮೆ ಟೆಕ್ಸಾಸ್ ಮನೆಯಲ್ಲಿ ಮೈಕ್ರೋವೇವ್ ಹಾಕಿದರೆ ಅಡುಗೆಮನೆ ದೀಪ ಮಂಕಾಯಿತು, ಮಲಗುವ ಕೋಣೆಯದು ಜಾಸ್ತಿ ಉರಿಯಿತು. ಪಕ್ಕದ ಮನೆಯ ಅಜ್ಜ ಗಾಬರಿಯಾಗಿ, ಕರೆಂಟ್ ಕಂಪನಿಗೆ ಇವತ್ತೇ ಫೋನ್ ಮಾಡು ಅಂದರು. ಅಲ್ಲಿ ಮನೆಗೆ 240 ವೋಲ್ಟ್ ಬಂದು, ನ್ಯೂಟ್ರಲ್ ಅನ್ನುವ ನಡುವಿನ ತಂತಿಯಿಂದ 120ರ ಎರಡು ಪಾಲಾಗುತ್ತದೆ. ನ್ಯೂಟ್ರಲ್ ಸಡಿಲವಾದರೆ ಒಂದು ಪಾಲು ಕುಗ್ಗಿ ಇನ್ನೊಂದು ಉಬ್ಬುತ್ತದೆ. ಅವತ್ತೇ ಬಂದು ಬಿಗಿಮಾಡಿ ಹೋದರು. ನಮ್ಮೂರ ಬೀದಿಯಲ್ಲೂ ನ್ಯೂಟ್ರಲ್ ತುಂಡಾಗಿ ಎರಡು ಮನೆಯ ಟಿವಿ ಸುಟ್ಟಿವೆ. ನಮ್ಮವರು ಹಣೆಬರಹ ಅಂತ ಸುಮ್ನಾದರು.

ಮತ್ತೆ ಸ್ಟೆಬಿಲೈಜರ್ ತಂದರು. ನನಗೆ ಸಿಟ್ಟು ಬರುವುದು ಇಲ್ಲೇ. ಸ್ಟೆಬಿಲೈಜರ್ ವೋಲ್ಟೇಜ್ ಹುಟ್ಟಿಸುವುದಿಲ್ಲ. ಕಮ್ಮಿ ಬಂದಾಗ ಲೈನಿನಿಂದ ಜಾಸ್ತಿ ಕರೆಂಟ್ ಎಳೆದು ತನ್ನ ಫ್ರಿಜ್ಜಿಗೆ ಕೊಡುತ್ತದೆ. ಆ ಕರೆಂಟಿಗೆ ತಂತಿಯಲ್ಲಿ ಇನ್ನಷ್ಟು ವೋಲ್ಟೇಜ್ ಇಳಿದು ಕೊನೇ ಕಂಬದ ಮನೆಗೆ ಪೆಟ್ಟು ಬೀಳುತ್ತದೆ. ಕೊನೇ ಕಂಬದ ಮನೆ ನಮ್ಮದು.

ಅಮೆರಿಕದಲ್ಲಿ ನಾಲ್ಕಾರು ಮನೆಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಮನೆ ಪಕ್ಕದಲ್ಲೇ. ನಮ್ಮೂರಲ್ಲಿ ಎರಡು ಬೀದಿಗೂ ಸೇರಿ ಒಂದೇ, ಅಲ್ಲಿಂದ ಉದ್ದಕ್ಕೆ ಎಳೆದ ತಂತಿ. ದುಡ್ಡಿನ ಮಾತು, ಒಪ್ಪುತ್ತೇನೆ. ಆದರೆ ಮನೆಗೆ ಬರುವ ವೋಲ್ಟೇಜ್ ನೂರಕ್ಕೆ ಆರಕ್ಕಿಂತ ಜಾಸ್ತಿ ಏರಿಳಿಯಬಾರದು ಅಂತ ನಮ್ಮ ಹಳೇ ವಿದ್ಯುತ್ ನಿಯಮಗಳಲ್ಲೇ ಇತ್ತಲ್ವಾ? 230ಕ್ಕೆ ಲೆಕ್ಕ ಹಾಕಿದರೆ 216ರ ಕೆಳಗೆ ಹೋಗಬಾರದು. ನಾನು ಮೀಟರ್ ಹಿಡಿದು ನೋಡಿದಾಗ 188 ಇತ್ತು. ಅಮ್ಮನ ಸರದಿ ಜಾಣತನ ನಿಜ, ಆದರೆ ಅದನ್ನು ಹೊಗಳಿಕೊಂಡೇ ನಾವು ಕೇಳುವುದನ್ನು ಬಿಟ್ಟಿದ್ದೇವೆ ಅನಿಸುತ್ತದೆ.

ಒಂದು ವಾರ ಹೊತ್ತುಹೊತ್ತಿಗೆ ರೀಡಿಂಗ್ ಬರೆದಿಟ್ಟೆ. ನಾನು "7.15ಕ್ಕೆ 191" ಅಂತ ಬರೆದರೆ, ಅಮ್ಮ ಪಕ್ಕದಲ್ಲಿ "ಮೇಲಿನ ಮನೆ ಪಂಪ್" ಅಂತ ಸೇರಿಸಿದರು. ಬೀದಿಯ ಟೈಂಟೇಬಲ್ಲೇ ಅವರ ತಲೆಯಲ್ಲಿತ್ತು. ಆ ಹಾಳೆ ನೋಡಿದ ಲೈನ್‌ಮನ್, "ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ ಸಾರ್" ಅಂದ.

ಮೊನ್ನೆ ಫೋನ್ ಮಾಡಿದ್ದೆ. ಅಮ್ಮ ಮನೆಮನೆಗೆ ಹೋಗಿ ಹದಿನಾಲ್ಕು ಸಹಿ ಹಾಕಿಸಿದ್ದಾರೆ. ಸ್ಟೆಬಿಲೈಜರ್ ಇರುವ ಮನೆಯವರು ಮಾತ್ರ "ನಮಗೇನೂ ತೊಂದರೆ ಇಲ್ವಲ್ಲ" ಅಂದರಂತೆ.