‘ಅವರದು ಹಳೇ ದ್ವೇಷ’ ಅನ್ನಬೇಡಿ

ಬೋಸ್ನಿಯಾ ಯುದ್ಧದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: ‘ಅವರದು ನೂರಾರು ವರ್ಷದ ಜಗಳ ಬಿಡಿ. ಟಿಟೊ ಇರೋ ತನಕ ಅದುಮಿಟ್ಟಿದ್ದ, ಅವನು ಹೋದ ಮೇಲೆ ಹೊತ್ತಿಕೊಳ್ತು.’ ಟಿಟೊ ಅಂದರೆ ಹಳೇ ಯುಗೊಸ್ಲಾವಿಯಾ ದೇಶವನ್ನು ಆಳಿದ ನಾಯಕ; ಬೋಸ್ನಿಯಾ, ಸರ್ಬಿಯಾ, ಕ್ರೊವೇಷಿಯಾ ಎಲ್ಲ ಆಗ ಅದರೊಳಗೇ ಇದ್ದವು. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯುದ್ಧ ನಡೆಯುತ್ತಿದ್ದಾಗ ಯುರೋಪಿನ ದೊಡ್ಡ ನಾಯಕರೂ ಇದನ್ನೇ ಹೇಳಿ ಕೈಕಟ್ಟಿ ಕೂತಿದ್ದರು. ಹಳೇ ದ್ವೇಷ ಅಂದುಬಿಟ್ಟರೆ ಯಾರನ್ನೂ ಹೊಣೆ ಮಾಡಬೇಕಾಗಿಲ್ಲ. ಮಳೆ ಜಾಸ್ತಿ ಬಂತು, ಹೊಳೆ ಉಕ್ಕಿತು ಅಂದ ಹಾಗೆ.

ಹಳೇ ಗಾಯ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸರ್ಬರನ್ನು, ಯಹೂದಿಗಳನ್ನು, ರೋಮಾ (ಜಿಪ್ಸಿ) ಜನರನ್ನು ಕ್ಯಾಂಪುಗಳಿಗೆ ಹಾಕಿ ಕೊಂದಿದ್ದರು. ಆ ನೆನಪು ಸುಳ್ಳಲ್ಲ. ಆದರೆ ಐವತ್ತು ವರ್ಷದ ನಂತರ ಅದನ್ನು ಟಿವಿಯಲ್ಲಿ ದಿನಾ ಕೆದಕಿ, ‘ನಿಮ್ಮ ಪಕ್ಕದ ಮನೆಯವನು ಮತ್ತೆ ಬರುತ್ತಾನೆ’ ಅಂತ ಹೆದರಿಸಿದವರು ಯಾರು? 1980ರಲ್ಲಿ ಟಿಟೊ ಸತ್ತ. ನೆಹರೂ, ನಾಸರ್ ಪಕ್ಕದಲ್ಲಿ ನಿಂತ ಅವನ ಫೋಟೊ ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆಮೇಲೆ ಸಾಲ, ಬೆಲೆಯೇರಿಕೆ, ನಿರುದ್ಯೋಗ. ಕುರ್ಚಿ ಅಲುಗಾಡುತ್ತಿದ್ದ ಹೊತ್ತಿಗೆ ಸರ್ಬಿಯಾದಲ್ಲಿ ಮಿಲೊಸೆವಿಚ್, ಕ್ರೊವೇಷಿಯಾದಲ್ಲಿ ಟುಜ್‌ಮನ್ ಜನಾಂಗದ ಹೆಸರು ಹೇಳಿ ಜನರನ್ನು ಸೇರಿಸಿದರು. 1991ರ ಜೂನ್‌ನಲ್ಲಿ ಸ್ಲೊವೇನಿಯಾ, ಕ್ರೊವೇಷಿಯಾ ಬೇರೆಯಾದವು. ಮರುವರ್ಷ ಬೋಸ್ನಿಯಾ.

ಪ್ರಿಯೆದೋರ್ ಅನ್ನೋ ಊರನ್ನು ನೋಡಿ. ಬೋಸ್ನಿಯಾದ ವಾಯವ್ಯಕ್ಕಿದೆ. 1991ರ ಜನಗಣತಿಯಲ್ಲಿ ಮುಸ್ಲಿಮರು ಸುಮಾರು 44%, ಸರ್ಬರು 42%. ಒಂದೇ ಭಾಷೆ, ಒಂದೇ ಗಣಿಯಲ್ಲಿ ಕೆಲಸ, ಮಕ್ಕಳಿಗೆ ಒಂದೇ ಶಾಲೆ. ಅಲ್ಲಿ ಜನ ತಾವಾಗಿಯೇ ಬೀದಿಗಿಳಿದು ಬಡಿದಾಡಲಿಲ್ಲ. 1991ರ ಆಗಸ್ಟ್‌ನಲ್ಲಿ ಮೊದಲು ಹತ್ತಿರದ ಕೊಜಾರಾ ಬೆಟ್ಟದ ಟಿವಿ ಟವರ್ ಸರ್ಬ್ ಪಡೆಗಳ ವಶವಾಯಿತು. ಬೋಸ್ನಿಯಾದ ರಾಜಧಾನಿ ಸರಾಯೆವೊದ ಚಾನೆಲ್ ಹೋಗಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಚಾನೆಲ್ ಬಂತು. 1992ರ ಏಪ್ರಿಲ್ 30ರಂದು ಬೆಳಗಾಗುವಷ್ಟರಲ್ಲಿ ಪೊಲೀಸ್ ಠಾಣೆ, ಪುರಸಭೆ, ಬ್ಯಾಂಕು, ರೇಡಿಯೊ ಎಲ್ಲ ಬೋಸ್ನಿಯಾ ಸರ್ಬರ ನಾಯಕ ಕರಾಜಿಚ್ ಪಕ್ಷದವರ ಕೈಯಲ್ಲಿ. ಪುರಸಭೆಯ ಚುನಾಯಿತ ಅಧ್ಯಕ್ಷ ಮುಹಮದ್ ಚೆಹಾಯಿಚ್ ಅವರನ್ನು ಕಚೇರಿಯಿಂದ ಹೊರಗಟ್ಟಿದರು. ಅವರ ಜಾಗಕ್ಕೆ ಬಂದವನು ಅವರದೇ ಉಪಾಧ್ಯಕ್ಷ ಮಿಲೊಮಿರ್ ಸ್ಟಾಕಿಚ್. ವೃತ್ತಿಯಲ್ಲಿ ಡಾಕ್ಟರ್!

ಆಮೇಲೆ ಎಲ್ಲ ಆಫೀಸಿನ ಕೆಲಸದ ಹಾಗೆ ನಡೆಯಿತು. ಸರ್ಬರಲ್ಲದವರನ್ನು ಕೆಲಸದಿಂದ ತೆಗೆದರು. ಮನೆಗೆ ಬಿಳಿ ಬಟ್ಟೆ ಕಟ್ಟಿ, ಹೊರಗೆ ಬರುವಾಗ ತೋಳಿಗೆ ಬಿಳಿ ಪಟ್ಟಿ ಸುತ್ತಿಕೊಳ್ಳಿ ಅಂತ ಆದೇಶ ಬಂತು. ಗಣಿಯ ಜಾಗ ಒಮಾರ್ಸ್ಕಾ, ಸೆರಾಮಿಕ್ ಕಾರ್ಖಾನೆ ಕೆರಾಟೆರ್ಮ್, ತ್ರ್ನೊಪೊಲ್ಯೆಯ ಶಾಲೆ, ಮೂರೂ ಕ್ಯಾಂಪುಗಳಾದವು. ಒಮಾರ್ಸ್ಕಾಗೆ ಹಾಕಿದವರಲ್ಲಿ ಡಾಕ್ಟರ್‌ಗಳು, ವಕೀಲರು, ಮೇಷ್ಟ್ರುಗಳು, ದುಡ್ಡಿದ್ದವರು ಜಾಸ್ತಿ. ಊರನ್ನು ಮತ್ತೆ ಕಟ್ಟಬಲ್ಲವರು, ಪ್ರಶ್ನೆ ಕೇಳಬಲ್ಲವರು. ಎಷ್ಟೋ ಕಾವಲುಗಾರರು ಕೈದಿಗಳಿಗೆ ಪರಿಚಯದವರೇ. ಚೆಹಾಯಿಚ್ ಕೂಡ ಅಲ್ಲೇ ಇದ್ದರು. ಮನೆಗೆ ವಾಪಸ್ ಬರಲಿಲ್ಲ. ಆ ಒಂದು ತಾಲ್ಲೂಕಿನಷ್ಟು ಜಾಗದಲ್ಲಿ ಸತ್ತವರು, ಕಾಣೆಯಾದವರು 3,000ಕ್ಕೂ ಹೆಚ್ಚು. 2013ರಲ್ಲಿ ತೊಮಾಶಿತ್ಸಾ ಅನ್ನೋ ಕಡೆ ಅಗೆದಾಗ ಒಂದೇ ಗುಂಡಿಯಲ್ಲಿ 400ಕ್ಕೂ ಹೆಚ್ಚು ಜನರ ಅವಶೇಷ ಸಿಕ್ಕಿತು. ಹಾಗೆ ಹೂಳಲಿಕ್ಕೆ ಲಾರಿ ಬೇಕು, ಜೆಸಿಬಿಯಂಥ ಯಂತ್ರ ಬೇಕು, ಡೀಸೆಲ್ ಬೇಕು, ಡ್ಯೂಟಿ ಹಾಕುವವರು ಬೇಕು. ಇದು ಹಳೇ ದ್ವೇಷ ತಾನಾಗಿ ಮಾಡೋ ಕೆಲಸವಾ?

ತಪ್ಪು ಒಂದೇ ಕಡೆಯದ್ದು ಅಂತಲೂ ಅಲ್ಲ. ಅಹ್ಮಿಚಿ ಅನ್ನೋ ಹಳ್ಳಿಯಲ್ಲಿ ಕ್ರೊವಾಟ್ ಪಡೆಗಳು ಮುಸ್ಲಿಮರನ್ನು ಮನೆಗಳಲ್ಲೇ ಕೊಂದವು. ಚೆಲೆಬಿಚಿ ಕ್ಯಾಂಪಿನಲ್ಲಿ ಮುಸ್ಲಿಮ್, ಕ್ರೊವಾಟ್ ಪಡೆಗಳವರು ಸರ್ಬ್ ಕೈದಿಗಳನ್ನು ಹಿಂಸಿಸಿದರು. 1995ರಲ್ಲಿ ಕ್ರೊವೇಷಿಯಾದಿಂದ ಲಕ್ಷಗಟ್ಟಲೆ ಸರ್ಬರು ಟ್ರ್ಯಾಕ್ಟರ್ ಏರಿ ಓಡಿಹೋಗಬೇಕಾಯಿತು. ಹಾಗಂತ ಎಲ್ಲರದ್ದೂ ಸಮ ಸಮ ಅಂದುಬಿಡುವುದು 1995ರಲ್ಲಿ ಸರ್ಬ್ ಪಡೆಗಳು ಕೊಂದ ಸ್ರೆಬ್ರೆನಿತ್ಸಾದ 8,000 ಗಂಡಸರಿಗೆ, ಹುಡುಗರಿಗೆ ಮಾಡುವ ಅನ್ಯಾಯ. ಇನ್ನೊಂದು ಕಡೆ, ಸರ್ಬ್ ಪಡೆಗಳ ಮುತ್ತಿಗೆ ಬಿದ್ದ ಸರಾಯೆವೊ ಕಾಯಲು ನಿಂತ ಸೇನಾಧಿಕಾರಿಗಳಲ್ಲಿ ಯೊವಾನ್ ದಿವ್ಯಾಕ್ ಒಬ್ಬರು. ಅವರು ಸರ್ಬ್. ರಕ್ತದಲ್ಲೇ ದ್ವೇಷ ಇದ್ದಿದ್ದರೆ ಇವರನ್ನು ಎಲ್ಲಿ ಸೇರಿಸುವುದು?

1995ರ ಡೇಟನ್ ಒಪ್ಪಂದ ಬಂದೂಕು ನಿಲ್ಲಿಸಿತು, ಅದು ದೊಡ್ಡದೇ. ಆದರೆ ಬೇಲಿ ಹಾಗೇ ಉಳಿಯಿತು. ರಾಷ್ಟ್ರಾಧ್ಯಕ್ಷರ ಮೂರು ಸ್ಥಾನ ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಮರು), ಕ್ರೊವಾಟ್, ಸರ್ಬ್ ಅಂತ ಹಂಚಿಹೋಗಿದೆ. ಯಹೂದಿ, ರೋಮಾ ಜನ ನಿಲ್ಲುವಂತಿಲ್ಲ. ಇದು ತಪ್ಪು ಅಂತ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2009ರಲ್ಲೇ ಹೇಳಿದೆ.

ಸ್ಟಾಕಿಚ್‌ಗೆ ಹೇಗ್‌ನ ಯುದ್ಧಾಪರಾಧ ನ್ಯಾಯಾಲಯ ಕೊನೆಗೆ 40 ವರ್ಷ ಶಿಕ್ಷೆ ಕೊಟ್ಟಿತು. ಒಮಾರ್ಸ್ಕಾ ಗಣಿಯ ಬಹುಪಾಲನ್ನು 2004ರಲ್ಲಿ ಲಕ್ಷ್ಮಿ ಮಿತ್ತಲ್ ಅವರ ಕಂಪನಿ ಕೊಂಡಿತು. ಸ್ಮಾರಕಕ್ಕೆ ಜಾಗ ಕೊಡುತ್ತೇವೆ ಅಂತ 2005ರಲ್ಲಿ ಹೇಳಿ, ಮರುವರ್ಷ ಊರಿನ ಒತ್ತಡದ ನಡುವೆ ನಿಲ್ಲಿಸಿತು. ಪ್ರಿಯೆದೋರ್‌ನಲ್ಲಿ ಸತ್ತ 102 ಮಕ್ಕಳ ಹೆಸರಿಗೆ ಒಂದು ಸ್ಮಾರಕ ಬೇಕು ಅಂತ ತಂದೆತಾಯಿ ವರ್ಷಗಟ್ಟಲೆ ಅಲೆದಿದ್ದಾರೆ. ಪ್ರತಿ ವರ್ಷ ಮೇ 31ಕ್ಕೆ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಆ ಮಕ್ಕಳ ಹೆಸರು ಹಿಡಿದು ನಡೆಯುತ್ತಾರೆ. ಅವರು ಕೇಳುತ್ತಿರುವುದು ಆ ಊರಿನ ಒಳಗೇ, ಎಲ್ಲರಿಗೂ ಕಾಣುವ ಜಾಗ. ಅದನ್ನು ಕೊಡಲೇಬೇಕು.